ಹೊಳೆಪ್ಪನ ಮಣಕಾಲಿಗೆ ನೀರಿನ ಔಷಧ

ಹೊಳೆಪ್ಪ: ದವಾಖಾನಿ ಅಂತ ಹೇಳಿ ಕರ್ಕೊಂಡ ಬಂದಿ. ಇದು ದವಾಖಾನಿ ಏನಲೇ?

ಶಂಕ್ರೆವ್ವ: ನಾ ಎಲ್ಲಿ ದವಾಖಾನಿ ಅಂದೇನ್ರಿ? ಮಣಕಾಲಿನ ಸಲುವಾಗಿ ಜಮಖಂಡಿಗೆ ಹೋಗೂಣು ಅಂದೆ. ಜಮಖಂಡಿ ಬಂತು. ಮಣಕಾಲೂ ಜೋಡಿನ ಬಂದಾವು.

ಹೊಳೆಪ್ಪ: ಮಣಕಾಲ ಡಾಕ್ಟರಿಗೆ ತೋರಸ್ತಾರ.

ಶಂಕ್ರೆವ್ವ: ಡಾಕ್ಟರಿಗೆ ತೋರಿಸಿದ್ದು ಆತು. ಇವತ್ತ ನೀರಿಗೆ ತೋರಸೂದು.

ಊರ ಹೊರಗಿನ ಈಜುಗೊಳದ ಗೇಟಿನ ಮುಂದೆ, ತಗಡಿನ ನೆರಳಿನಲ್ಲಿ, ಗಂಡ ಹೆಂಡತಿ ನಡುವೆ ಒಂದು ಚೀಲ ಇಟ್ಟುಕೊಂಡು ನಿಂತಿದ್ದರು. ಬೇಸಿಗೆ ಮುಗಿಯುತ್ತ ಬಂದಿತ್ತು. ಮಿರಗದ ಮಳೆ ಇಂದೋ ನಾಳೆಯೋ ಅನ್ನುವಂತೆ ಮುಗಿಲಿನ ಒಂದು ಮೂಲೆ ಮಾತ್ರ ಕಪ್ಪಾಗಿ, ಉಳಿದ ಕಡೆಯೆಲ್ಲ ಬಿಸಿಲು ಒಲೆಯ ಮೇಲಿನ ಹಂಚಿನ ಹಾಗೆ ಕಾದಿತ್ತು. ಮಳೆ ಹಿಡಿಯಿತೆಂದರೆ ಕೊಳಕ್ಕೆ ಬೀಗ. ಅದಕ್ಕೇ ಆ ರವಿವಾರ ಅರ್ಧ ಜಮಖಂಡಿ ಅಲ್ಲೇ ಇತ್ತು. ಗೋಡೆಯಾಚೆ ಯಾರೋ ದಬಾಲ್ ಅಂತ ಜಿಗಿದ ಸಪ್ಪಳ ಕೇಳಿದಾಗಲೆಲ್ಲ ಹೊಳೆಪ್ಪ ಒಂದು ಹೆಜ್ಜೆ ಹಿಂದಕ್ಕೆ ಸರಿಯುತ್ತಿದ್ದ.

ಬನಹಟ್ಟಿಯ ಹೈಸ್ಕೂಲಿನಲ್ಲಿ ಹೆಡ್ ಕ್ಲರ್ಕ್ ಆಗಿ ನಿವೃತ್ತನಾದ ಮನುಷ್ಯ ಆತ. ಅಜ್ಜ ಕೃಷ್ಣಾ ಹೊಳೆಯಲ್ಲಿ ನಾವೆಯ ಹುಟ್ಟು ಹಿಡಿದವ, ಅಪ್ಪ ಬಲೆ ಹಿಡಿದವ, ಈತ ಫೈಲು ಹಿಡಿದ. ಹೊಳೆಗೆ ಹರಕೆ ಹೊತ್ತು ಹಡೆದ ಮಗ ಅಂತ ತಾಯಿ ಆ ಹೆಸರಿಟ್ಟಿದ್ದಳು. ಹೊಳೆ ಹೆಸರಿನಲ್ಲಷ್ಟೇ ಉಳಿಯಿತು. ಪಾದದ ಮೇಲೆ ನೀರು ಬಂತೆಂದರೆ ಹೊಳೆಪ್ಪನ ಜೀವ ಬಾಯಿಗೆ ಬರುತ್ತಿತ್ತು. ಈ ಮಾತನ್ನು ಆತ ಯಾರ ಮುಂದೂ ಒಪ್ಪಿರಲಿಲ್ಲ. "ಅಂಜಿಕಿ ಏನಿಲ್ಲ, ನನಗ ನೀರಿನ ಅವಶ್ಯಕತಿ ಇಲ್ಲ" ಅನ್ನುತ್ತಿದ್ದ.

ಹೊಳೆಪ್ಪ: ಡಾಕ್ಟರು ಏನಂದಾರ ಅನ್ನೂದು ನಿನಗೇನ ಗೊತ್ತು? ಒಳಗ ಹೋದಾವ ನಾ. ನೀ ಹೊರಗ ಕುಂತಿದ್ದಿ.

ಶಂಕ್ರೆವ್ವ: ಹೊರಗ ಬಂದು ನೀವ ಹೇಳಿದ್ರಲ್ಲ. "ನೀರ ಭಾಳ ಕುಡೀಬೇಕಂತ, ಮಣಕಾಲ ತಾವ ಛಲೋ ಆಕ್ಕಾವಂತ" ಅಂದ್ರಿ.

ಹೊಳೆಪ್ಪ: ಕುಡದಿಲ್ಲೇನು?

ಶಂಕ್ರೆವ್ವ: ಕುಡದ್ರಿ, ಯಾಕ ಸುಳ್ಳ ಹೇಳ್ಲಿ. ತಂಬಿಗಿಗಟ್ಟಲೆ ಕುಡದ್ರಿ. ಬ್ಯಾಸಗಿ ಪೂರಾ ಪಡಸಾಲಿಯಿಂದ ಹಿತ್ತಲಕ, ಹಿತ್ತಲದಿಂದ ಪಡಸಾಲಿಗೆ ಓಡಿದ್ದ ಓಡಿದ್ದು. ಮಣಕಾಲಿಗೆ ಏನರೆ ವ್ಯಾಯಾಮ ಆಗಿದ್ರ ಅದ ಅಷ್ಟ.

ಹೊಳೆಪ್ಪ: ಮತ್ತ?

ಶಂಕ್ರೆವ್ವ: ಮತ್ತೇನು? ಮೊನ್ನೆ ಬಸ್ ಸ್ಟ್ಯಾಂಡಿನ್ಯಾಗ ವೈಶಾಲಿ ಸಿಕ್ಕಿದ್ಲು. ಡಾಕ್ಟರ ಹಂತೇಕ ಕೈಕಾಲಿನ ಕಸರತ್ತ ಕಲಸ್ತಾಳಲ್ಲ, ಅಕಿ. "ನಿಮ್ಮ ಮನ್ಯಾರು ನೀರಾಗ ಅಡ್ಡಾಡಾಕತ್ತಾರೇನ್ರಿ?" ಅಂದ್ಲು. "ಇಲ್ಲವ್ವಾ, ಕುಡಿಯಾಕತ್ತಾರ" ಅಂದೆ. ಆ ಹುಡಿಗಿ ನಕ್ಕ ನಕ್ಕ ತನ್ನ ಬಸ್ ತಪ್ಪಿಸ್ಕೊಂಡ್ಲು.

ಹೊಳೆಪ್ಪ: ಡಾಕ್ಟರು "ನೀರು" ಅಂದದ್ದು ಖರೆ. ಕುಡೀಬೇಕೋ ಇಳೀಬೇಕೋ ಅನ್ನೂದು ಪೇಶಂಟಿಗೆ ಬಿಟ್ಟದ್ದು.

ಶಂಕ್ರೆವ್ವ: "ಎದಿಮಟ ನೀರಾಗ ಅಡ್ಡಾಡ್ರಿ, ಮೈಭಾರ ಮಣಕಾಲಿಗೆ ಬೀಳಂಗಿಲ್ಲ" ಅಂದಾರಂತ. ಎದಿಮಟ ಕುಡಿಯಾಕ ಬರತೈತೇನ್ರಿ?

ಹೊಳೆಪ್ಪ: ಹೊಳಿದಂಡಿ ಮಂದಿ ನಾವು. ಊರ ಬಾಜೂಕ ಕೃಷ್ಣಾ ಹರೀತಿರಬೇಕಾದ್ರ ಬಸ್ ಹತ್ತಿ ಬಂದು ಟಾಕಿಯೊಳಗ ಇಳದ್ರ ಮಂದಿ ನಗ್ತಾರ.

ಶಂಕ್ರೆವ್ವ: ಹಂಗಾರ ಹೊಳಿಗೇ ಹೋಗೂಣೇನು?

ಹೊಳೆಪ್ಪ: ...ಟಾಕಿ ಏನ ಕೆಟ್ಟಿಲ್ಲ ಬಿಡು.

ಅಷ್ಟರಲ್ಲಿ ಕೊಳದ ಕಾವಲಿನವ ಕಲ್ಮೇಶ ಹೊರಗೆ ಬಂದ. ಕೊರಳಲ್ಲಿ ಸೀಟಿ, ಮೈಮೇಲೆ ಕೆಂಪು ಬನಿಯನ್ನು. ಮುಳುಗಿದವರನ್ನು ಎತ್ತುವುದು ಆತನ ಕೆಲಸ. ಬೇಸಿಗೆಯಿಡೀ ಒಬ್ಬರೂ ಮುಳುಗಿರಲಿಲ್ಲವಾದ್ದರಿಂದ ಆತ ಸೀಟಿ ಊದಿ ಊದಿಯೇ ದಣಿದಿದ್ದ.

ಕಲ್ಮೇಶ: ಕಾಕಾರ, ಒಳಗರೆ ಬರ್ರಿ, ಹೊರಗರೆ ಹೋಗ್ರಿ. ಗೇಟಿನ್ಯಾಗ ನಿಂತು ಸಂಸಾರ ಮಾಡಬ್ಯಾಡ್ರಿ.

ಹೊಳೆಪ್ಪ: ಧೋತರದ ಮ್ಯಾಲೆ ನೀರಿಗೆ ಇಳಿಯಾಕ ಕೊಡ್ತೀಯೇನಪಾ?

ಕಲ್ಮೇಶ: ಇಲ್ರಿ. ರೂಲ್ಸ್ ಇಲ್ಲ.

ಹೊಳೆಪ್ಪ: ಕೇಳಿದೇನು? ರೂಲ್ಸ್ ಇಲ್ಲಂತ. ಸರಕಾರಿ ನೌಕರಿ ಮಾಡಿದಾವ ನಾ, ರೂಲ್ಸ್ ಮುರಿಯಂಗಿಲ್ಲ. ನಡಿ, ಚಹಾ ಕುಡದು ಬಸ್ ಹಿಡಿಯೂಣು.

ಶಂಕ್ರೆವ್ವ ಚೀಲದೊಳಗೆ ಕೈ ಹಾಕಿ ಮಗ ಪ್ರೇಮಕುಮಾರನ ಚಡ್ಡಿ ತೆಗೆದಳು. ಗೋವಾಕ್ಕೆ ಹೋದಾಗ ಆತ ಕೊಂಡದ್ದು; ಹಳದಿ ಬಣ್ಣದ ಮೇಲೆ ಹಸಿರು ಗಿಳಿಗಳು.

ಹೊಳೆಪ್ಪ: ಏ, ಒಳಗಿಡು! ರಿಟಾಯರ್ಡ್ ಹೆಡ್ ಕ್ಲರ್ಕು ಗಿಳಿ ಉಟ್ಕೊಂಡು ಮಂದಿ ಮುಂದ ನಿಂದರಬೇಕೇನು?

ಶಂಕ್ರೆವ್ವ: ನಿಂದರಬ್ಯಾಡ್ರಿ, ಇಳೀರಿ. ಇಳದ ಮ್ಯಾಲೆ ಗಿಳಿ ಯಾರಿಗೆ ಕಾಣತಾವ?

ಹೊಳೆಪ್ಪ: ಊಟಾದ ಮ್ಯಾಲೆ ನೀರಿಗೆ ಇಳೀಬಾರದು. ಶಾಸ್ತ್ರ ಐತಿ.

ಶಂಕ್ರೆವ್ವ: ಅದಕ್ಕ ಮುಂಜಾನೆ ಅರ್ಧಾ ರೊಟ್ಟಿ ಹಾಕಿದ್ದು.

ಹೊಳೆಪ್ಪ: ಅಯ್ಯ! ನಾ ಹಿಟ್ಟ ತೀರೇತಿ ಅಂತ ತಿಳ್ಕೊಂಡು ಸುಮ್ಕ ಕೈ ತೊಳಕೊಂಡೆ!

ಕಲ್ಮೇಶ: ಕಾಕಾರ, ತಲಿಗೆ ರಬ್ಬರ್ ಟೊಪ್ಪಿಗಿ ಬೇಕ್ರಿ. ಕೂದಲ ನೀರಾಗ ಬಿದ್ದ್ರ ನೀರ ಸೋಸೂ ಜಾಳಗಿ ಕಟ್ಟತೈತಿ.

ಹೊಳೆಪ್ಪ (ಬೋಳು ತಲೆ ಬಗ್ಗಿಸಿ ತೋರಿಸಿ): ಹುಡುಕಪಾ. ಒಂದ ಸಿಕ್ಕ್ರೂ ಟೊಪ್ಪಿಗಿ ಹಾಕ್ಕೋತೇನಿ.

ಕಲ್ಮೇಶ: ರೂಲ್ಸ್ ರೀ ಕಾಕಾರ. ನೀವ ಹೇಳಿದ್ರಿ, ರೂಲ್ಸ್ ಮುರಿಯಂಗಿಲ್ಲ ಅಂತ.

ಶಂಕ್ರೆವ್ವ ಚೀಲದಿಂದ ನೀಲಿ ಟೊಪ್ಪಿಗೆಯನ್ನೂ ತೆಗೆದಳು. ಹೊಳೆಪ್ಪ ಆ ಚೀಲವನ್ನು ಹಗೆಯನ್ನು ನೋಡಿದ ಹಾಗೆ ನೋಡಿದ. ತಾನು ಯೋಚನೆ ಮಾಡುವ ಮೊದಲೇ ತನ್ನ ನೆಪಗಳಿಗೆಲ್ಲ ಉತ್ತರ ತುಂಬಿಕೊಂಡು ಬಂದ ಚೀಲ ಅದು.

ಕಲ್ಮೇಶ: ಕಾಕಾರ ಹೆಸರ ಏನ್ರಿ?

ಹೊಳೆಪ್ಪ: ಹೊಳೆಪ್ಪ.

ಕಲ್ಮೇಶ: ಹೊಳೆಪ್ಪ! ಕೃಷ್ಣಾ ಕಡಿಯವರೇನ್ರಿ?

ಶಂಕ್ರೆವ್ವ: ಇವರ ಅಜ್ಜ ನಾವಿ ನಡಸ್ತಿದ್ದ ತಮ್ಮಾ. ನನ್ನ ತವರ ಮನಿ ಹಿಪ್ಪರಗಿ.

ಕಲ್ಮೇಶ: ಹಂಗಾರ ಮುಂದ ಕೇಳೂದ ಬ್ಯಾಡ. ಮೀನಿಗೆ ಈಜ ಬರತೈತೇನು ಅಂತ ಕೇಳಿದಂಗಾಕ್ಕೈತಿ.

ಶಂಕ್ರೆವ್ವ: ನಮ್ಮ ಮನ್ಯಾರದೇನ ಹೇಳ್ಲೋ ತಮ್ಮಾ! ನೀರ ಕಂಡ್ರ ಮೈಮ್ಯಾಲೆ ಖಬರ ಇರಂಗಿಲ್ಲ ಇವ್ರಿಗೆ. ಜರಾ ನಿಗಾ ಇಡು. ನಾ ಅರಿವಿ ಬದಲಿ ಮಾಡಿ ಬರ್ತೇನಿ.

ಹೀಗೆಂದು ಆಕೆ ಹೆಂಗಸರ ಕೋಣೆಗೆ ಹೋದಳು. ಆಕೆ ಹೇಳಿದ್ದು ಅಂಜಿಕೆಯ ಮಾತು. ಕಲ್ಮೇಶ ಕೇಳಿಸಿಕೊಂಡದ್ದು ಹುಚ್ಚು ಪ್ರೀತಿಯ ಮಾತು. ಹೊಳೆಪ್ಪ ಗಿಳಿಗಳನ್ನು ಉಟ್ಟು, ಟೊಪ್ಪಿಗೆ ಹಾಕಿ, ಚಷ್ಮಾ ಏರಿಸಿಕೊಂಡು ಹೊರಗೆ ಬಂದಾಗ ಕಲ್ಮೇಶ ಕೈಕಟ್ಟಿ ನಿಂತಿದ್ದ, ಗುರುಗಳ ಮುಂದೆ ನಿಂತ ಹಾಗೆ.

ಕಲ್ಮೇಶ: ಬರ್ರಿ ಕಾಕಾರ, ಈ ಕಡಿ.

ಹೊಳೆಪ್ಪ: ಆ ಕಡಿ ಮಂದಿ ಅಡ್ಡಾಡಾಕತ್ತಾರಲ್ಲ, ಅಲ್ಲಿ ಎಷ್ಟ ನೀರ ಐತಿ?

ಕಲ್ಮೇಶ: ಅದ ಈಗ ಕಲಿಯೂ ಮಂದೀದು, ನಾವು ಕೂಸುಗಳ ಕಡಿ ಅಂತೇವಿ ಬಿಡ್ರಿ. ಎದಿಮಟ ಬರತೈತಿ. ಅದರಾಗ ನಿಮ್ಮನ್ನ ಇಳಿಸಿ ನಾ ನಿಮ್ಮ ಮರ್ಯಾದಿ ಕಳಿಯಂಗಿಲ್ಲ. ಬರ್ರಿ, ಇದು ಆಳ. ಒಬ್ಬರ ಹೆಗಲ ಮ್ಯಾಲೆ ಒಬ್ಬರು ನಿಂತ್ರೂ ತಳಾ ಸಿಗಂಗಿಲ್ಲ.

"ನನಗ ಈಜ ಬರಂಗಿಲ್ಲಪಾ" ಅನ್ನುವ ಮಾತು ಹೊಳೆಪ್ಪನ ತುಟಿಯ ತನಕ ಬಂದಿತ್ತು. ಆದರೆ ನೌಕರಿ ಬಿಟ್ಟ ಮೇಲೆ ಆತನನ್ನು ಯಾರೂ ಹೀಗೆ ಕೈಕಟ್ಟಿ ನೋಡಿರಲಿಲ್ಲ. ಆ ಮಾತು ತುಟಿಯಿಂದಲೇ ಹಿಂದಕ್ಕೆ ಹೋಯಿತು. ಕಾಲು ಮಾತ್ರ ಮುಂದೆ ನಡೆದವು.

ದಂಡೆಗೆ ಹೋಗಿ ನಿಂತು ಕೆಳಗೆ ನೋಡಿದ. ನೀಲಿ. ಅಲ್ಲಾಡುವ ನೀಲಿ. ತಕ್ಷಣ ಕಣ್ಣು ಮೇಲೆತ್ತಿ, ಕೈ ಎರಡೂ ಗಿರಗಿರ ತಿರುಗಿಸತೊಡಗಿದ.

ಕಲ್ಮೇಶ: ವಾರ್ಮಪ್ಪ ಏನ್ರಿ ಕಾಕಾರ?

ಹೊಳೆಪ್ಪ: ಹಾಂ. ಹಳೇ ಪದ್ಧತಿ. ನಾವು ಮೈ ಬಿಸಿ ಆಗದ ನೀರ ಮುಟ್ಟಂಗಿಲ್ಲ.

ಕಲ್ಮೇಶ: ನೋಡ್ರೋ, ನೋಡಿ ಕಲೀರಿ! ಸೀದಾ ಬಂದು ಎಮ್ಮಿ ಹಂಗ ಬೀಳ್ತೀರಿ!

ಈಜುತ್ತಿದ್ದವರು ಒಬ್ಬೊಬ್ಬರೇ ದಂಡೆ ಹಿಡಿದು ನೋಡತೊಡಗಿದರು. ಮುಧೋಳದ ಕಡೆಯ ದಪ್ಪನೆಯ ವ್ಯಾಪಾರಿಯೊಬ್ಬ ನೀರಲ್ಲಿ ಕಾಲಿಳಿಬಿಟ್ಟು ಕೂತವ, ಹೊರಡಲೆಂದು ಎದ್ದಿದ್ದವ, "ಮುಧೋಳದ ಬಸ್ ಹೋದ್ರ ಹೋಗ್ಲಿ, ಈ ಹಿರೇರು ಜಿಗಿಯೂದು ನೋಡೇ ಹೋಗೂಣು" ಅಂತ ಮತ್ತೆ ಕೂತ. ಹೊಳೆಪ್ಪ ಕೈ ಮುಗಿಸಿ ಕುತ್ತಿಗೆಗೆ ಬಂದ. ಕುತ್ತಿಗೆ ಮುಗಿಸಿ ಸೊಂಟಕ್ಕೆ ಬಂದ. ಸೊಂಟ ಮುಗಿದ ಮೇಲೆ ಮೈಯಲ್ಲಿ ತಿರುಗಿಸುವಂಥದ್ದು ಏನೂ ಉಳಿಯದೆ, ಮೊದಲಿಂದ ಕೈಯನ್ನೇ ಮತ್ತೆ ಶುರುಮಾಡಿದ.

ಆಗ ಶಂಕ್ರೆವ್ವ ಬಂದಳು. ಸೊಸೆ ಮನೀಷಾ ಕೊಡಿಸಿದ ತುಂಬುತೋಳಿನ ಕರೀ ಈಜುಡುಗೆ. ಮೀನಖಂಡದ ತನಕ ಇತ್ತು. ಅದರ ಮೇಲೆ ಟಾವೆಲನ್ನು ಸೆರಗಿನ ಹಾಗೆ ಹೊದ್ದಿದ್ದಳು. ಸೀರೆಯಿಲ್ಲದ ಹೆಂಡತಿಯನ್ನು ನಟ್ಟನಡು ಬಿಸಿಲಲ್ಲಿ ನೋಡಿ ಹೊಳೆಪ್ಪನ ಕೈ ತಿರುಗುವುದನ್ನು ಮರೆತು ಗಾಳಿಯಲ್ಲೇ ನಿಂತವು.

ಶಂಕ್ರೆವ್ವ (ಪಿಸುಮಾತಿನಲ್ಲಿ): ಇಲ್ಲೇನ ಮಾಡಾಕತ್ತೀರಿ? ಇದು ಆಳ ಐತಿ!

ಹೊಳೆಪ್ಪ (ಪಿಸುಮಾತಿನಲ್ಲಿ): ನನಗೇನ ಕಣ್ಣ ಇಲ್ಲೇನು? ನೀನ ಹೇಳಿದಿ ಅವಗ, ಖಬರ ಇರಂಗಿಲ್ಲ ಅಂತ!

ಶಂಕ್ರೆವ್ವ: ಅಂಜಿಕಿಗೆ ಖಬರ ಇರಂಗಿಲ್ಲ ಅಂದೇನ್ರಿ ನಾ!

ಹೊಳೆಪ್ಪ: ಅಂವ ಖುಷಿಗೆ ಅಂತ ತಿಳ್ಕೊಂಡಾನ.

ಶಂಕ್ರೆವ್ವ: ಖರೆ ಹೇಳ್ರಿ ಅವಗ.

ಹೊಳೆಪ್ಪ: ಹೆಂಗ ಹೇಳ್ಲಿ? ಊರ ಮಂದಿ ಕೂಡೇತಿ. ಮುಧೋಳದಾಂವ ಒಬ್ಬ ಟಿಕೀಟ ತಗೊಂಡವರ ಹಂಗ ಕುಂತಾನ.

ಕಲ್ಮೇಶ: ಅವ್ವಾರ, ನೀವು ಈ ಕಡಿ ನಿಂದರಬ್ಯಾಡ್ರಿ. ಕೂಸುಗಳ ಕಡಿ ಹೋಗ್ರಿ. ಕಾಕಾರು ಜಿಗೀತಾರ.

ಶಂಕ್ರೆವ್ವ ಗಂಡನ ಮುಖ ನೋಡಿದಳು. ಬಿಸಿಲಿದ್ದರೂ ಅದು ಬೂದಿಯ ಬಣ್ಣಕ್ಕೆ ತಿರುಗಿತ್ತು. ಆಮೇಲೆ ನೀರು ನೋಡಿದಳು. ಸ್ವಲ್ಪ ಹೆಚ್ಚು ಹೊತ್ತೇ ನೋಡಿದಳು. ಎಮ್ಮೆಯ ಬಾಲ ಹಿಡಿದು ಈಜು ಕಲಿತು, ಹಿಪ್ಪರಗಿಯ ಘಾಟಿನಲ್ಲಿ ಗಂಡುಹುಡುಗರನ್ನು ಹಿಂದೆ ಹಾಕಿದವಳು ಆಕೆ. ಮದುವೆಯಾದ ವರ್ಷವೇ ಅದೆಲ್ಲ ನಿಂತಿತ್ತು.

ಶಂಕ್ರೆವ್ವ: ಕೇಳ್ರಿಲ್ಲೆ. ನಾ ಜಿಗೀತೇನಿ. ಮಂದಿಯೆಲ್ಲಾ ನನ್ನ ನೋಡ್ತಾರ. ಅಷ್ಟರಾಗ ನೀವು ಮೆಲ್ಲಕ ಆ ಕಡಿ ಜಾರ್ರಿ. ಯಾರೂ ನೋಡಂಗಿಲ್ಲ.

ಹೊಳೆಪ್ಪ: ಏ, ಬ್ಯಾಡ! ನಿನಗ ಎಲ್ಲಿದು ಈಗ...

ಟಾವೆಲು ಆತನ ಹೆಗಲಿಗೆ ಬಿತ್ತು. ಶಂಕ್ರೆವ್ವ ಕೈ ಜೋಡಿಸಿದಳು, ಬಗ್ಗಿದಳು, ಹೋದಳು. ಸಪ್ಪಳವೂ ಆಗಲಿಲ್ಲ. ಸೂಜಿ ಅರಿವೆಯೊಳಗೆ ಹೋದ ಹಾಗೆ ನೀರೊಳಗೆ ಹೋದಳು.

ಕಲ್ಮೇಶನ ಸೀಟಿ ಬಾಯಿಂದ ಬಿತ್ತು. ಮುಧೋಳದವ ಎದ್ದು ನಿಂತ. ಎಲ್ಲರೂ ನೀರನ್ನೇ ನೋಡುತ್ತಿದ್ದರು. ಹೊಳೆಪ್ಪ ಜಾರಿಕೊಳ್ಳಲು ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ಆದರೆ ಆತ ಜಾರಲಿಲ್ಲ. ನೀರು ಸುಮ್ಮನಾಯಿತು. ಶಂಕ್ರೆವ್ವ ಮೇಲೆ ಬರಲಿಲ್ಲ. ಆತ ಒಂದು ಉಸಿರು ತೆಗೆದುಕೊಂಡ. ಬರಲಿಲ್ಲ. ಇನ್ನೊಂದು ಉಸಿರು ತೆಗೆದುಕೊಳ್ಳಲು ಹೋದ, ಅದು ಬರಲಿಲ್ಲ.

ಹೊಳೆಪ್ಪ: ಶಂಕ್ರೀ!

ಊರೆಲ್ಲ ನೋಡುತ್ತಿರುವಾಗ ರಿಟಾಯರ್ಡ್ ಹೆಡ್ ಕ್ಲರ್ಕ್ ಹೊಳೆಪ್ಪ ಟಾವೆಲು, ಟೊಪ್ಪಿಗೆ, ಚಷ್ಮಾ, ಗಿಳಿ ಸಮೇತ ಆಳದ ನೀರಿಗೆ ಬಿದ್ದ. ಜಿಗಿದ ಅನ್ನಲಿಕ್ಕೆ ಬರುವುದಿಲ್ಲ. ಗೋಡೆ ಬಿದ್ದ ಹಾಗೆ ಬಿದ್ದ. ನೀರು ಎದ್ದು ಮುಧೋಳದ ವ್ಯಾಪಾರಿಯನ್ನು ತಲೆಯಿಂದ ಕಾಲತನಕ ತೋಯಿಸಿತು.

ಕಲ್ಮೇಶ (ಚಪ್ಪಾಳೆ ತಟ್ಟುತ್ತ): ಶಾಬಾಶ್ ಕಾಕಾರ!

ಅದೇ ಹೊತ್ತಿಗೆ ಕೊಳದ ಆಚೆ ತುದಿಯಲ್ಲಿ ಶಂಕ್ರೆವ್ವನ ತಲೆ ಎದ್ದಿತು. ಒಂದೇ ಉಸಿರಿನಲ್ಲಿ ನೀರಡಿಯಿಂದ ಅಷ್ಟುದ್ದ ಹೋಗಿದ್ದಳು. ಮುಖ ಒರೆಸಿಕೊಂಡು ನಗುತ್ತ ತಿರುಗಿದವಳಿಗೆ ದಂಡೆಯ ಮೇಲೆ ಗಂಡ ಕಾಣಲಿಲ್ಲ. ನೀರ ಮೇಲೆ ಒಂದು ನೀಲಿ ಟೊಪ್ಪಿಗೆ ಮಾತ್ರ ತೇಲುತ್ತಿತ್ತು.

ಶಂಕ್ರೆವ್ವ: ಚಪ್ಪಾಳಿ ಏನ ಬಡೀತೀಯೋ! ಅವ್ರಿಗೆ ಈಜ ಬರಂಗಿಲ್ಲ!

ಕಲ್ಮೇಶ: ಆಂ?!

ಕಲ್ಮೇಶ ಈ ಕಡೆಯಿಂದ ಬಿದ್ದ, ಶಂಕ್ರೆವ್ವ ಆ ಕಡೆಯಿಂದ ಬಂದಳು. ಇಬ್ಬರೂ ಒಂದೊಂದು ಬಗಲು ಹಿಡಿದು ಎತ್ತಿದರು. ಮೇಲೆ ಬಂದ ಹೊಳೆಪ್ಪ ಉಸಿರು ಸಿಕ್ಕ ಕೂಡಲೇ ಚೀರಿದ.

ಹೊಳೆಪ್ಪ: ನನ್ನ ಬಿಡ್ರೋ! ಒಳಗ ನಮ್ಮಕಿ ಅದಾಳ, ಅಕೀನ್ನ ಹಿಡೀರಿ!

ಶಂಕ್ರೆವ್ವ: ನಾನ ನಿಮ್ಮನ್ನ ಹಿಡದೇನ್ರಿ! ಬಾಯಿ ಮುಚ್ರಿ, ನೀರ ಹೊಕ್ಕತೈತಿ!

ದಂಡೆಯ ಮೇಲೆ ಮಲಗಿಸಿ ಬೆನ್ನು ತಟ್ಟಿದರು. ಹೊಳೆಪ್ಪ ಕುಡಿದಷ್ಟು ನೀರನ್ನು ತಿರುಗಿ ಕೊಳಕ್ಕೇ ಕೊಟ್ಟು ಎದ್ದು ಕೂತ. ಜೀವಕ್ಕೇನೂ ಆಗಿರಲಿಲ್ಲ. ಚಷ್ಮಾ ಹೋಗಿತ್ತು. ಜಗತ್ತೆಲ್ಲ ಹೊಗೆಯ ಹಾಗೆ ಕಾಣುತ್ತಿತ್ತು.

ಕಲ್ಮೇಶ: ಕಾಕಾರ, ಈಜಾಕ ಬರಂಗಿಲ್ಲ ಅಂದ್ರ ವಾರ್ಮಪ್ಪ ಯಾಕ ಮಾಡಿದ್ರಿ?

ಹೊಳೆಪ್ಪ: ಅದ ಒಂದ ಬರತೈತಿ, ಅದಕ್ಕ ಮಾಡಿದೆ.

ಕಲ್ಮೇಶ: ನನ್ನ ನೌಕರಿ ಹೋಗ್ತಿತ್ರಿ! ನಡೀರಿ, ಇನ್ನ ಮ್ಯಾಲೆ ಇಬ್ಬರೂ ಕೂಸುಗಳ ಕಡಿ.

ಕಲ್ಮೇಶನೇ ಕೈಹಿಡಿದು ಹೊಳೆಪ್ಪನನ್ನು ಎದೆಮಟ್ಟದ ನೀರಿಗೆ ಇಳಿಸಿದ. ನೀರಿಗಿಳಿದವನಿಗೆ ಚಳಿಯೇನು ಮಳೆಯೇನು ಅನ್ನುತ್ತಾರಲ್ಲ. ಆಳದಲ್ಲಿ ಬಿದ್ದೆದ್ದವನಿಗೆ ಎದೆಮಟ್ಟದ ನೀರು ಪಡಸಾಲೆಯ ಹಾಗೆ ಕಂಡಿತು. ಒಂದು ಕೈಯಲ್ಲಿ ಗೋಡೆಯ ಕಂಬಿ, ಇನ್ನೊಂದು ಕೈಯಲ್ಲಿ ಹೆಂಡತಿಯ ತೋಳು ಹಿಡಿದು ನಡೆಯತೊಡಗಿದ. ಜಗಳವೂ ಜೊತೆಗೇ ನಡೆಯಿತು.

ಶಂಕ್ರೆವ್ವ: ಜಾರ್ರಿ ಅಂದ್ರ ಜಿಗಿಯೂದೇನ್ರಿ?

ಹೊಳೆಪ್ಪ: ನೀ ಮ್ಯಾಲೆ ಬರಲಿಲ್ಲ.

ಶಂಕ್ರೆವ್ವ: ಬರ್ತಿದ್ದೆ.

ಹೊಳೆಪ್ಪ: ನನಗ ಹೆಂಗ ಗೊತ್ತಾಗಬೇಕು? ನೀರೊಳಗಿಂದ ಹೇಳಿ ಕಳಿಸಿದ್ದೇನು?

ಶಂಕ್ರೆವ್ವ: ಕಲ್ಮೇಶ ಇದ್ದನಲ್ಲ ಅಲ್ಲೆ. ಅವಗ ಪಗಾರ ಯಾಕ ಕೊಡ್ತಾರ?

ಹೊಳೆಪ್ಪ: ಅವಂದೇನ ಹೋಗೂದಿತ್ತು? ಹೋಗ್ತಿದ್ದಾಕಿ ನನ್ನಾಕಿ.

ಶಂಕ್ರೆವ್ವ ಆತನ ಕೈಯನ್ನು ಬಗಲಿಗೆ ಒತ್ತಿಕೊಂಡು ನಾಲ್ಕು ಹೆಜ್ಜೆ ನಡೆದಳು.

ಶಂಕ್ರೆವ್ವ: ಹಂಗಾರ ಆ ವರ್ಷ ಸಂಕ್ರಮಣದಾಗ ಯಾಕ ಬೈದ್ರಿ?

ಹೊಳೆಪ್ಪ: ಯಾವ ವರ್ಷ?

ಶಂಕ್ರೆವ್ವ: ಮದುವ್ಯಾದ ವರ್ಷ. ಹಿಪ್ಪರಗಿ ಘಾಟಿನ್ಯಾಗ ನಾ ಹಿಂಗ ಮುಳಗಿ ದೂರ ಹೋಗಿ ಎದ್ದೆ. ನಿಮಗ ತೋರಸೂಣು ಅಂತ. ನೀವು ದಂಡಿಮ್ಯಾಲೆ ಕೆಂಪ ಮಾರಿ ಮಾಡ್ಕೊಂಡು ನಿಂತಿದ್ರಿ. ಸಂಜೀಕ "ಇನ್ನ ಮ್ಯಾಲೆ ಹೊಳಿಗೆ ಇಳೀಬ್ಯಾಡ" ಅಂದ್ರಿ. ಸೊಸಿ ಅನ್ನಿಸ್ಕೊಂಡಾಕಿ ಮಂದಿ ಮುಂದ ಈಜೂದು ನಿಮಗ ಸೇರಲಿಲ್ಲ ಅಂತ ತಿಳ್ಕೊಂಡೆ. ಅವತ್ತಿಂದ ಇಳೀಲಿಲ್ಲ. ಒಳಗ ಭಾಳ ಸಿಟ್ಟಿತ್ರಿ ನನಗ.

ಹೊಳೆಪ್ಪ ನಿಂತುಬಿಟ್ಟ. ಕಂಬಿ ಹಿಡಿದ ಕೈಯನ್ನೂ ಬಿಟ್ಟು ಹೆಂಡತಿಯ ಕಡೆ ತಿರುಗಿದ. ಚಷ್ಮಾ ಇಲ್ಲದೆ ಆಕೆಯ ಮುಖ ಸರಿಯಾಗಿ ಕಾಣದ್ದೇ ಒಳ್ಳೆಯದಾಯಿತು. ಕಂಡಿದ್ದರೆ ಮುಂದಿನ ಮಾತು ಬರುತ್ತಿರಲಿಲ್ಲ.

ಹೊಳೆಪ್ಪ: ಸೇರಲಾರದ್ದಲ್ಲ ಶಂಕ್ರೀ. ಅವತ್ತ ನೀ ಮುಳಗಿದಿ. ನಾ ಚೀರಬೇಕಂದೆ, ದನಿ ಬರಲಿಲ್ಲ. ಜಿಗೀಬೇಕಂದೆ, ಕಾಲ ಕೀಳಲಿಲ್ಲ. ಹೆಂಡತಿ ಹೋದ್ಲು, ನಾ ಕಂಬದಂಗ ನಿಂತೇನಿ ಅಂತ ಅನ್ನಿಸ್ತು. ನೀ ಎದ್ದಿ, ನಕ್ಕಿ. ನನಗ ನಗು ಬರಲಿಲ್ಲ. ನೀ ಇಳದಿ ಅಂದ್ರ ಒಂದ ದಿನಾ ನಿನ್ನ ಎತ್ತಾಕ ನಾನೂ ಇಳೀಬೇಕಾಕ್ಕೈತಿ, ಅದು ನನ್ನ ಕಡಿಂದ ಆಗಂಗಿಲ್ಲ. ಅದಕ್ಕ ಬ್ಯಾಡ ಅಂದೆ.

ಶಂಕ್ರೆವ್ವ: ಹಿಂಗಂತ ಅವತ್ತ ಹೇಳಿದ್ರ ಬಾಯಿ ಸವೀತಿತ್ತೇನ್ರಿ?

ಹೊಳೆಪ್ಪ: ಹೊಸಾ ಅಳಿಯಾ ಅತ್ತಿ ಮನ್ಯಾಗ ಕುಂತು "ನನಗ ನೀರಂದ್ರ ಅಂಜಿಕಿ" ಅಂತಾನೇನಲೇ? ನಿಮ್ಮಣ್ಣ ಕಾಶಪ್ಪ ಇದ್ದ ಬಾಜೂಕ. ಮಾತಿಗೊಮ್ಮೆ ಮೀಸಿ ತೀಡಾಂವ.

ಶಂಕ್ರೆವ್ವ: ಕಾಶಪ್ಪಣ್ಣಗ ಇಲಿ ಅಂದ್ರ ಅಂಜಿಕಿ. ಹೊರಸಿನ ಮ್ಯಾಲೆ ಹತ್ತಿ ನಿಂದರ್ತಾನ.

ಹೊಳೆಪ್ಪ: ಆಂ? ಖರೆ? ಇದನ್ನ ಅವತ್ತ ಹೇಳಿದ್ರ ನಿನಗ ಬಾಯಿ ಸವೀತಿತ್ತೇನು?

ಇಬ್ಬರಿಗೂ ಒಮ್ಮೆಲೇ ನಗು ಬಂತು. ನಗುತ್ತ ಹೊಳೆಪ್ಪ ಸಣ್ಣಗೆ ಜಾರಿದ, ಗುಟುಕು ನೀರು ಕುಡಿದ, ತಾನೇ ಎದ್ದು ನಿಂತ. ಕಂಬಿ ಎಲ್ಲೋ ಹಿಂದೆ ಉಳಿದಿತ್ತು.

ಶಂಕ್ರೆವ್ವ: ಮಣಕಾಲ ಹೆಂಗ ಅದಾವ್ರಿ?

ಹೊಳೆಪ್ಪ: ಅದಾವೇನು? ಇದ್ದದ್ದ ಮರತಿದ್ದೆ.

ಕಪ್ಪು ಮುಗಿಲು ಈಗ ನಡುನೆತ್ತಿಗೆ ಬಂದಿತ್ತು. ಮಣ್ಣಿನ ವಾಸನೆ ಹೊತ್ತ ತಂಗಾಳಿ ಬೀಸಿತು. ದಂಡೆಯಿಂದ ಕಲ್ಮೇಶ ಕೂಗಿದ.

ಕಲ್ಮೇಶ: ಮಳಿ ಬರ್ತೈತಿ, ಎಲ್ಲಾರೂ ಮ್ಯಾಲೆ ಬರ್ರಿ! ಕಾಕಾರ, ನಿಮ್ಮ ಚಷ್ಮಾ ಆಳದ ಕಡಿ ತಳದಾಗ ಕಾಣಾಕತ್ತೈತಿ. ತಡ್ರಿ, ನಾ ತಗೀತೇನಿ.

ಶಂಕ್ರೆವ್ವ: ನೀ ಬ್ಯಾಡೋ ತಮ್ಮಾ. ನಾ ತರ್ತೇನಿ.

ಹೀಗೆಂದವಳು ಹೋಗಲಿಲ್ಲ. ನಿಂತು ಗಂಡನನ್ನು ನೋಡಿದಳು.

ಶಂಕ್ರೆವ್ವ: ಮುಳಗಬೇಕಾಕ್ಕೈತ್ರಿ. ಹೋಗ್ಲೇನು?

ಹೊಳೆಪ್ಪ ಉತ್ತರ ಕೊಡುವ ಮೊದಲು ಮೆಟ್ಟಿಲು ಹಿಡಿದು ಮೇಲೆ ಬಂದ, ತಡವರಿಸಿ ಆಳದ ದಂಡೆಗೆ ಹೋಗಿ ಕೂತ, ಕಲ್ಮೇಶನ ಮುಂಗೈಯನ್ನು ಗಟ್ಟಿಯಾಗಿ ಹಿಡಿದುಕೊಂಡ.

ಹೊಳೆಪ್ಪ: ಹೋಗು. ಕಲ್ಮೇಶ, ನೀ ಏನರೆ ಮಾತಾಡು ನನ್ನ ಜೋಡಿ.

ಕಲ್ಮೇಶ: ಏನ ಮಾತಾಡ್ಲಿರಿ?

ಹೊಳೆಪ್ಪ: ಏನರೆ. ಲಗೂನ.

ಕಲ್ಮೇಶ: ಕಾಕಾರ, ಮದಲ ನನ್ನ ಕೈ ಸಡಲ ಬಿಡ್ರಿ. ಬೆರಳಿನ ಖಬರ ಹೋತು.

ಶಂಕ್ರೆವ್ವ ಮುಳುಗಿದಳು. ನೀರು ಸುಮ್ಮನಾಯಿತು. ಮೊದಲ ದಪ್ಪ ಹನಿ ಅದರ ಮೇಲೆ ಬಿದ್ದು ಉಂಗುರ ಬಿಟ್ಟಿತು, ಆಮೇಲೆ ಇನ್ನೊಂದು. ಹೊಳೆಪ್ಪ ಆ ಉಂಗುರಗಳನ್ನೇ ನೋಡುತ್ತ ಕೂತ. ಏಳಲಿಲ್ಲ, ಚೀರಲಿಲ್ಲ. ಕಲ್ಮೇಶ ಮಾತ್ರ ಸಣ್ಣಗೆ ಅಯ್ಯಯ್ಯೋ ಅನ್ನುತ್ತಿದ್ದ.

ನೀರು ಒಡೆಯಿತು. ಶಂಕ್ರೆವ್ವ ಎದ್ದಳು, ಗಂಡನ ಚಷ್ಮಾವನ್ನು ತನ್ನ ಮೂಗಿನ ಮೇಲೆ ಏರಿಸಿಕೊಂಡೇ.

ಶಂಕ್ರೆವ್ವ: ಅಯ್ಯ ಶಿವನ! ಇದರಾಗ ನೋಡಿದ್ರ ಎಲ್ಲಾ ದೊಡ್ಡದ ಕಾಣತೈತಲ್ರಿ! ಅದಕ್ಕ ನೀವು ಇಷ್ಟ ಅಂಜೂದು.

ಹೊಳೆಪ್ಪ: ತಗೀಬ್ಯಾಡ, ತಗೀಬ್ಯಾಡ! ಹಂಗ ಹಾಕ್ಕೊಂಡು ಒಮ್ಮೆ ನನ್ನ ನೋಡು. ಈ ಜನ್ಮದಾಗ ಒಂದ ಸಲಾ ಆದ್ರೂ ನಿನ್ನ ಕಣ್ಣಾಗ ದೊಡ್ಡಾವ ಆಗ್ತೇನಿ.

ಶಂಕ್ರೆವ್ವ ನೀರಲ್ಲಿ ತೇಲುತ್ತಲೇ ಆತನನ್ನು ಮೇಲಿಂದ ಕೆಳಗಿನ ತನಕ ನೋಡಿದಳು. ಚಷ್ಮಾ ತೆಗೆದು, ನೀರು ಜಾಡಿಸಿ, ದಂಡೆಯಿಂದ ಆತ ಚಾಚಿದ ಕೈಗೆ ಕೊಟ್ಟಳು.

ಶಂಕ್ರೆವ್ವ: ಬ್ಯಾಡ್ರಿ. ದೊಡ್ಡಾವ್ರು ಚಷ್ಮಾ ಇಲ್ಲದ ಕಂಡ್ರಿ. ಇದನ್ನ ಹಾಕಿದ್ರ ಹೊಟ್ಟಿ ಒಂದ ಹೆಚ್ಚಿಗಿ ಕಾಣತೈತಿ.